ಬೆನ್ನಿಗೆ ಕಟ್ಟಿದ ಡಬ್ಬಿ: ಊರ ಬಾವಿಯಿಂದ ನೇತ್ರಾಣಿವರೆಗೆ

ಇಂಡಿ, ಸಿಂದಗಿ ಕಡೆಯವರಿಗೆ ಭೀಮಾ ಹೊಳೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಕೃಷ್ಣೆ. ಆದರೆ ಈಜು ಕಲಿತದ್ದು ಬಹಳ ಮಂದಿ ಬಾವಿಯಲ್ಲಿ. ಮುಚ್ಚಳ ಬಿಗಿ ಮಾಡಿದ ಖಾಲಿ ಎಣ್ಣೆ ಡಬ್ಬಿಯನ್ನೋ ಒಣ ಸೋರೆಬುರುಡೆಯನ್ನೋ ಬೆನ್ನಿಗೆ ಕಟ್ಟಿ, ದೊಡ್ಡವರು ಹುಡುಗರನ್ನು ನೀರಿಗೆ ನೂಕುತ್ತಿದ್ದರು.

ಇವತ್ತು ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಜನ ಸ್ಕೂಬಾ ಮಾಡುತ್ತಾರೆ, ಅಂದರೆ ಗಾಳಿ ತುಂಬಿದ ಸಿಲಿಂಡರ್ ಹೊತ್ತು ಕಡಲೊಳಗೆ ಮುಳುಗುತ್ತಾರೆ. ಅವರು ಬೆನ್ನಿಗೆ ಕಟ್ಟುವ ಸಾಮಾನಿನ ಲೆಕ್ಕವೂ ಡಬ್ಬಿಯ ಲೆಕ್ಕವೇ. ಒಂದು ಲೀಟರ್ ಗಾಳಿ ನೀರಿನಲ್ಲಿ ಸುಮಾರು ಒಂದು ಕಿಲೋ ಭಾರ ಎತ್ತಿ ಹಿಡಿಯುತ್ತದೆ. ಈ ಲೆಕ್ಕಕ್ಕೆ ಸಾವಿರಾರು ವರ್ಷದ ಇತಿಹಾಸ ಇದೆ.

ಹೊತ್ತು ಒಯ್ಯುವಷ್ಟು ಹಗುರ

ಈಗಿನ ಇರಾಕ್ ದೇಶದ ನಿಮ್ರುದ್ ಅರಮನೆಯಲ್ಲಿ ಸುಮಾರು 2,900 ವರ್ಷ ಹಿಂದೆ ಕೆತ್ತಿದ ಕಲ್ಲುಗಳು ಸಿಕ್ಕಿವೆ. ಅವುಗಳಲ್ಲಿ ಒಂದರಲ್ಲಿ ಸೈನಿಕರು ಗಾಳಿ ಊದಿದ ಆಡಿನ ಚರ್ಮದ ಚೀಲವನ್ನು ಎದೆಯ ಕೆಳಗೆ ಹಿಡಿದು ಹೊಳೆ ಈಜುತ್ತಿದ್ದಾರೆ. ಗಾಳಿ ಬಿಟ್ಟರೆ ಆ ಚೀಲ ಹೆಗಲ ಮೇಲೆ ಒಯ್ಯುವ ಚರ್ಮ ಅಷ್ಟೇ.

ನಮ್ಮ ಕಡೆಯ ಹರಿಗೋಲಿನ ಜಾಣತನವೂ ಇದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿ ಹತ್ತಿರ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಒಂದರಲ್ಲಿ 15ರಿಂದ 20 ಜನ.

ಆದರೆ ದೊಡ್ಡ ಸೈನ್ಯಕ್ಕೆ ಬುಟ್ಟಿ ಸಾಲದು. 1565ರ ಜನವರಿಯ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಕೃಷ್ಣೆ ದಾಟುವ ಜಾಗಕ್ಕಾಗಿಯೇ ಮೊದಲ ಹೂಟ ನಡೆಯಿತು. ಸುಲ್ತಾನರ ಪಡೆ ಬೇರೆ ಕಡೆ ದಾಟುವವರಂತೆ ದಂಡೆಗುಂಟ ಸಾಗಿ, ವಿಜಯನಗರದ ಕಾವಲನ್ನು ಆ ಕಡೆ ಸೆಳೆದು, ಥಟ್ಟನೆ ಹಿಂದಿರುಗಿ ಹೊಳೆ ದಾಟಿತು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ಎದೆಯಿಂದ ಬೆನ್ನಿಗೆ

ಈಗಿನ ಸ್ಕೂಬಾ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾ ರೂಪಿಸಿದರು. ನೀರೊಳಗೆ ಉಸಿರಾಡುವುದು ಸಾಧ್ಯವಾಯಿತು, ಬೇಕಾದಾಗ ತೇಲುವುದು ಉಳಿಯಿತು. 1961ರಲ್ಲಿ ಅದೇ ದೇಶದ ಮೊರಿಸ್ ಫೆಂಜಿ, ಕೊರಳಿಗೆ ಹಾಕಿ ಎದೆಯ ಮೇಲೆ ಉಬ್ಬುವ ಚೀಲ ತಂದ. ಅದು ಮುಖವನ್ನು ಮೇಲಕ್ಕೆ ಹಿಡಿಯುತ್ತಿತ್ತು. ಆದರೆ ನೀರೊಳಗೆ ಎದೆ ಎತ್ತಿ ಕಾಲು ಇಳಿಬಿಡುತ್ತಿತ್ತು, ಅಡ್ಡಲಾಗಿ ಈಜುವುದು ಕಷ್ಟ.

ಹಾಗಾಗಿ 1970ರ ದಶಕದಲ್ಲಿ ಚೀಲ ಬೆನ್ನಿಗೆ ಹೋಯಿತು. 1979ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ನೀರು ತುಂಬಿದ ಗುಹೆಗಳಲ್ಲಿ ಮುಳುಗುತ್ತಿದ್ದವರಿಗಾಗಿ ಗ್ರೆಗ್ ಫ್ಲಾನಗನ್ ಲೋಹದ ಬೆನ್ನುಹಲಗೆ ಮಾಡಿದ. ಇದೇ ಬ್ಯಾಕ್‌ಪ್ಲೇಟ್. ಹಲಗೆಗೆ ಪಟ್ಟಿ, ಹಿಂದೆ ಸಿಲಿಂಡರ್, ನಡುವೆ ವಿಂಗ್ ಎಂಬ ಗಾಳಿಚೀಲ. ನೀರೊಳಗೆ ಮೈ ಚಾಪೆಯಂತೆ ಅಡ್ಡಲಾಗಿ ನಿಲ್ಲುತ್ತದೆ.

ವಿಮಾನದಲ್ಲಿ ಒಯ್ಯುವವರು ಇಲ್ಲಿ ತೂಕ ಉಳಿಸುತ್ತಾರೆ. ಉಕ್ಕಿನ ಹಲಗೆ ಎರಡೂವರೆಯಿಂದ 3 ಕಿಲೋ, ಅಲ್ಯೂಮಿನಿಯಂದು ಸುಮಾರು 1 ಕಿಲೋ, ಬಟ್ಟೆಯದು ಇನ್ನೂ ಹಗುರ. ಸಿಲಿಂಡರ್ ಮತ್ತು ಸೀಸ ಹೋದ ಊರಲ್ಲೇ ಬಾಡಿಗೆಗೆ ಸಿಗುತ್ತವೆ. ಆದರೆ ಉಳಿಸಿದ ತೂಕ ಸುಮ್ಮನೆ ಹೋಗುವುದಿಲ್ಲ. ಉಕ್ಕಿನ ಹಲಗೆ ಮುಳುಗಲು ನೆರವಾಗುತ್ತಿತ್ತು. ಅದಿಲ್ಲದಿದ್ದರೆ ಹೆಚ್ಚುಕಡಿಮೆ 2 ಕಿಲೋ ಸೀಸ ಸೊಂಟಕ್ಕೆ ಕಟ್ಟಬೇಕು.

ವಿಂಗ್ ದೊಡ್ಡದಾದಷ್ಟೂ ಒಳ್ಳೆಯದು ಅಂತಲೂ ಇಲ್ಲ. ತುಂಬಿದ ಸಿಲಿಂಡರಿನ ಗಾಳಿಯೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅದರ ಜೊತೆಗೆ, ಆಳದಲ್ಲಿ ಈಜುಡುಗೆ ಒತ್ತಿಹೋಗಿ ತೇಲುವ ಬಲ ಕಳೆದುಕೊಳ್ಳುತ್ತದೆ. ಇವೆರಡನ್ನು ತುಂಬಿಕೊಟ್ಟರೆ ಸಾಕು. ಬೆಚ್ಚನೆಯ ಕಡಲಿನಲ್ಲಿ ಒಂದು ಸಿಲಿಂಡರಿಗೆ 13 ಕಿಲೋ ಎತ್ತುವ ವಿಂಗ್ ಧಾರಾಳ. 15 ಲೀಟರಿನ ಎಣ್ಣೆ ಡಬ್ಬಿ ಎತ್ತುವುದೂ ಹೆಚ್ಚುಕಡಿಮೆ ಅಷ್ಟೇ.

ಬೆನ್ನಿನ ಗಾಳಿ ಮುಖ ಎತ್ತುವುದಿಲ್ಲ

ಚೀಲ ಬೆನ್ನಿಗೆ ಹೋದಾಗ ಅನುಕೂಲ ಸಿಕ್ಕಿತು, ಒಂದು ರಕ್ಷಣೆ ಕೈತಪ್ಪಿತು. ಬೆನ್ನಿನ ಗಾಳಿ ಮನುಷ್ಯನನ್ನು ಬೋರಲಾಗಿ ತೇಲಿಸಬಹುದು. ಎಚ್ಚರ ಇದ್ದವನು ಮುಖ ಎತ್ತಿಕೊಳ್ಳುತ್ತಾನೆ, ಎಚ್ಚರ ತಪ್ಪಿದವನ ಮೂಗು ನೀರಲ್ಲೇ ಉಳಿಯುತ್ತದೆ. ಅದಕ್ಕೇ ಇಂಥ ಸಾಮಾನನ್ನು ಲೈಫ್ ಜಾಕೆಟ್ ಎಂದು ಲೆಕ್ಕ ಹಿಡಿಯುವುದಿಲ್ಲ.

ಬೆನ್ನಿನ ಡಬ್ಬಿಗೂ ಇದೇ ಮಾತು. ಅದು ಈಜು ಕಲಿಸುತ್ತದೆ, ಕಾವಲು ಕಾಯುವುದಿಲ್ಲ. ಹಗ್ಗ ಸಡಿಲಾದರೆ, ಡಬ್ಬಿ ತೂತಾದರೆ ಅದೂ ಇಲ್ಲ. ಈಜು ಬಲ್ಲ ದೊಡ್ಡವರೊಬ್ಬರು ಪಕ್ಕದಲ್ಲಿ ನೀರಲ್ಲೇ ಇರಬೇಕು.

ಆಲಮಟ್ಟಿ, ನಾರಾಯಣಪುರ ಅಣೆಕಟ್ಟೆಗಳು ಬಂದ ಮೇಲೆ ಕೃಷ್ಣೆಯ ಹಿನ್ನೀರು ನಮ್ಮ ಊರುಗಳ ಅಂಚಿಗೆ ಬಂದಿದೆ, ಕೆನಾಲು ಹೊಲದ ಪಕ್ಕ ಹರಿಯುತ್ತದೆ. ದೋಣಿ ಹತ್ತುವಾಗ, ಮೀನಿಗೆ ಹೋಗುವಾಗ ಬೇಕಾದದ್ದು ಎದೆಯ ಮೇಲೆ ಗಾಳಿ ಅಥವಾ ಬೆಂಡು ಇರುವ ಲೈಫ್ ಜಾಕೆಟ್. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಣ್ಣವಲ್ಲ: ಉಬ್ಬು ಎದೆಯ ಕಡೆ ಇದೆಯೇ, ಕೊರಳ ಹಿಂದೆ ತಲೆಗೆ ಆಸರೆ ಇದೆಯೇ, ಪಟ್ಟಿ ಬಿಗಿಯಾಗುತ್ತದೆಯೇ ಎಂಬುದು.