ಚಂದ್ರನ ಹಬ್ಬ, ಸೂರ್ಯನ ಮಳೆ: ದುರ್ಗದ ಸೀಮೆಯ ವಸಂತದ ಹಬ್ಬಗಳು



ಯುಗಾದಿ ಒಂದು ವರ್ಷ ಮಾರ್ಚಿಯಲ್ಲೇ ಬಂದುಬಿಡುತ್ತದೆ, ಇನ್ನೊಂದು ವರ್ಷ ಏಪ್ರಿಲ್ ಅರ್ಧ ಆಗುವ ಹೊತ್ತಿಗೆ ಬರುತ್ತದೆ. ಆದರೆ ಭರಣಿ ಮಳೆ ಹುಟ್ಟುವ ದಿನ ಮಾತ್ರ ವರ್ಷ ವರ್ಷವೂ ಏಪ್ರಿಲ್ ೨೭ರ ಆಸುಪಾಸು. ಎರಡೂ ಒಂದೇ ಪಂಚಾಂಗದಲ್ಲಿ ಅಚ್ಚಾಗಿವೆ. ಒಂದು ಅಲೆದಾಡುತ್ತದೆ, ಒಂದು ಅಲುಗದೆ ನಿಂತಿರುತ್ತದೆ. ಇದು ಯಾಕೆ ಹೀಗೆ ಅಂತ ನೀವು ಯಾವಾಗಲಾದರೂ ಯೋಚಿಸಿದ್ದೀರಾ? ಇದರ ಹಿಂದೆ ಎರಡು ಸಾವಿರ ವರ್ಷದ ಇತಿಹಾಸವಿದೆ. ಆ ಇತಿಹಾಸ ತಿಳಿದರೆ ಬಿತ್ತನೆಗೂ ಸಾಲದ ಲೆಕ್ಕಕ್ಕೂ ಉಪಯೋಗವಿದೆ. ಆದ್ದರಿಂದ ಈ ಮಾತು.

ಮೊದಲು ನಮ್ಮ ಜಿಲ್ಲೆಯ ಹಬ್ಬಗಳ ಸಾಲನ್ನು ಒಮ್ಮೆ ನೋಡೋಣ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ರಥ ಹರಿಯುತ್ತದೆ. ಊರಿನ ದೇವರ ಹೆಸರಿನಲ್ಲೇ ತೇರು ಸೇರಿಕೊಂಡಿದೆ ಎಂದಮೇಲೆ ಆ ತೇರಿನ ಹಿರಿಮೆ ಬೇರೆ ಹೇಳಬೇಕಿಲ್ಲ. ಅದೇ ಮಾಘದ ಕೊನೆಯಲ್ಲಿ ಶಿವರಾತ್ರಿ. ಫಾಲ್ಗುಣದಲ್ಲಿ ಕಾಮನ ಹುಣ್ಣಿಮೆ; ಹುಡುಗರು ಮನೆಮನೆಯ ಕುಳ್ಳು, ಕಟ್ಟಿಗೆ ಮಾಯ ಮಾಡುವ ಹಬ್ಬ. ಅದರ ಬೆನ್ನಿಗೇ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು. ಹೊಳಲ್ಕೆರೆ, ಹೊಸದುರ್ಗದಿಂದಲೂ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಜಾತ್ರೆ ಅದು. ಈಗ ಬಸ್ಸು, ಟ್ರಾಕ್ಟರು. ಚೈತ್ರ ಹುಟ್ಟಿದರೆ ಯುಗಾದಿ, ರಾಮನವಮಿ, ಜೈನ ಬಾಂಧವರ ಮಹಾವೀರ ಜಯಂತಿ. ಬೇಸಗೆಯಲ್ಲಿ ಚಿತ್ರದುರ್ಗದ ಪೇಟೆಯಲ್ಲಿ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಎಂಬ ಇಬ್ಬರು ದೇವತೆಯರ ಅಕ್ಕತಂಗಿ ಭೇಟಿ. ವೈಶಾಖದಲ್ಲಿ ಬಸವ ಜಯಂತಿ, ಬುದ್ಧ ಪೂರ್ಣಿಮೆ. ಇವುಗಳ ನಡುವೆ ಕ್ರೈಸ್ತರ ಗುಡ್‌ಫ್ರೈಡೆ, ಈಸ್ಟರು. ಕೆಲವು ವರ್ಷ ಮುಸಲ್ಮಾನ ಬಾಂಧವರ ರಂಜಾನೂ ಇದೇ ಕಾಲಕ್ಕೆ ಬಂದು ಕೂಡಿಕೊಳ್ಳುತ್ತದೆ.

ಇಷ್ಟೊಂದು ಹಬ್ಬ ಈ ಮೂರು ನಾಲ್ಕು ತಿಂಗಳಲ್ಲೇ ಯಾಕೆ ಬಿದ್ದವು? ನಮ್ಮದು ಮಳೆ ಕಡಿಮೆಯ ಸೀಮೆ. ಹೊಳಲ್ಕೆರೆಯ ಕಡೆ ಒಂದಿಷ್ಟು ವಾಸಿ, ಹಿರಿಯೂರು, ಚಳ್ಳಕೆರೆಯ ಕಡೆ ಇನ್ನೂ ಕಡಿಮೆ. ಬೆಳೆ ಮನೆಗೆ ಬಂದ ಮೇಲೆ, ಮುಂದಿನ ಮಳೆ ಬರುವ ತನಕ, ಮಳೆ ನಂಬಿದ ರೈತನಿಗೆ ಹೊಲದಲ್ಲಿ ಕೆಲಸವಿಲ್ಲ. ಎತ್ತು ಬಿಡುವಾಗಿರುತ್ತವೆ, ಕೈಯಲ್ಲಿ ನಾಲ್ಕು ಕಾಸಿರುತ್ತದೆ. ತೇರು ಎಳೆಯಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು?

ಇನ್ನು ದಿನ ಗೊತ್ತುಮಾಡುವ ಬಗೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು. ಅಂಥ ಹನ್ನೆರಡು ತಿಂಗಳು ಕೂಡಿದರೆ ಸುಮಾರು ೩೫೪ ದಿನ. ಸೂರ್ಯನ ವರ್ಷವೋ ೩೬೫ ದಿನ ಮತ್ತು ಕಾಲು. ವರ್ಷಕ್ಕೆ ಹನ್ನೊಂದು ದಿನ ಚಂದ್ರ ಹಿಂದಕ್ಕೆ ಜಾರುತ್ತಾನೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿಬಿಡುತ್ತದೆ. ಅದಕ್ಕೇ ನಮ್ಮ ಜೋಯಿಸರು ಮೂರು ವರ್ಷಕ್ಕೊಮ್ಮೆ, ಲೆಕ್ಕವಾಗಿ ಹೇಳಬೇಕೆಂದರೆ ೧೯ ವರ್ಷಕ್ಕೆ ೭ ಸಲ, ಒಂದು ಅಧಿಕಮಾಸ ಸೇರಿಸಿ ಸರಿಮಾಡುತ್ತಾರೆ. ೨೦೨೪ರ ಯುಗಾದಿ ಏಪ್ರಿಲ್ ೯ಕ್ಕೆ, ೨೦೨೫ರದು ಮಾರ್ಚಿ ೩೦ಕ್ಕೆ, ೨೦೨೬ರದು ಮಾರ್ಚಿ ೧೯ಕ್ಕೆ. ೨೦೨೬ರಲ್ಲಿ ಅಧಿಕ ಜ್ಯೇಷ್ಠ ಸೇರುವುದರಿಂದ ೨೦೨೭ರ ಯುಗಾದಿ ಮತ್ತೆ ಏಪ್ರಿಲ್ ೭ಕ್ಕೆ ಮುಂದೆ ಹೋಗುತ್ತದೆ. ಹಗ್ಗ ಸಡಿಲಾದಾಗ ಎಳೆದು ಕಟ್ಟಿದ ಹಾಗೆ.

ಈ ವರ್ಷಗಳನ್ನು ಎಣಿಸುವುದು ಶಾಲಿವಾಹನ ಶಕೆಯಿಂದ. ಅದರ ಮೊದಲು ಕ್ರಿ. ಶ. ೭೮ಕ್ಕೆ. ಶಾಲಿವಾಹನ ಎಂದರೆ ಶಾತವಾಹನ. ಆ ವಂಶದ ರಾಜರ ನಾಣ್ಯಗಳು ಚಿತ್ರದುರ್ಗದ ಬೆಟ್ಟದ ಪಕ್ಕದ ಚಂದ್ರವಳ್ಳಿಯಲ್ಲೇ ಸಿಕ್ಕಿವೆ. ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆಸಿ ನೋಡಿದರು. ರೋಮಿನ ನಾಣ್ಯ ಕೂಡ ಆ ಮಣ್ಣಿನಲ್ಲಿತ್ತು. ಆದರೆ ಒಂದು ಸಂಗತಿ. ಶಾತವಾಹನರು ತಮ್ಮ ಶಾಸನಗಳಲ್ಲಿ ಈ ಶಕೆಯನ್ನು ಬಳಸಲಿಲ್ಲ. ತಾವು ಪಟ್ಟಕ್ಕೆ ಬಂದ ಮೇಲೆ ಇಷ್ಟನೆಯ ವರ್ಷ ಎಂದೇ ಬರೆಸಿದರು. ಶಾಲಿವಾಹನನ ಹೆಸರು ಶಕೆಗೆ ಅಂಟಿದ್ದು ಎಷ್ಟೋ ಶತಮಾನಗಳ ಮೇಲೆ. ಜನ ತಮಗೆ ಬೇಕಾದ ರಾಜನನ್ನು ವರ್ಷದ ಲೆಕ್ಕಕ್ಕೆ ಒಡೆಯನನ್ನಾಗಿ ಮಾಡಿಕೊಂಡರು, ಅಷ್ಟೆ.

ಬೇರೆ ಮತದವರ ಹಬ್ಬಗಳಿಗೂ ಚಂದ್ರನೇ ಆಧಾರ. ಮುಸಲ್ಮಾನರ ವರ್ಷವೂ ೩೫೪ ದಿನದ್ದು. ಆದರೆ ಅವರಲ್ಲಿ ಅಧಿಕಮಾಸದ ಪದ್ಧತಿ ಇಲ್ಲ. ಆದ್ದರಿಂದ ರಂಜಾನು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತಾ, ಸುಮಾರು ೩೩ ವರ್ಷಕ್ಕೆ ಎಲ್ಲಾ ಕಾಲಗಳನ್ನೂ ಸುತ್ತಿ ಬರುತ್ತದೆ. ೨೦೨೪ರಲ್ಲಿ ಯುಗಾದಿ ಆಗಿ ಎರಡು ದಿನಕ್ಕೆ, ಏಪ್ರಿಲ್ ೧೧ಕ್ಕೆ, ರಂಜಾನು; ೨೦೨೫ರಲ್ಲಿ ಯುಗಾದಿಯ ಮಾರನೆಯ ದಿನವೇ, ಮಾರ್ಚಿ ೩೧ಕ್ಕೆ. ಕಾರಣ ಸುಲಭ. ಅಮಾವಾಸ್ಯೆ ಕಳೆದು ಮೂಡುವ ಒಂದೇ ಎಳೆ ಚಂದ್ರನನ್ನು ಒಬ್ಬರು ಚೈತ್ರದ ಚಂದ್ರ ಅಂತ ನೋಡಿದರು, ಪಕ್ಕದ ಮನೆಯವರು ಹಬ್ಬದ ಚಾಂದ್ ಅಂತ ನೋಡಿದರು. ಒಂದು ಮನೆಯ ಒಬ್ಬಟ್ಟು, ಇನ್ನೊಂದು ಮನೆಯ ಶ್ಯಾವಿಗೆ ಪಾಯಸ ಒಂದೇ ವಾರದಲ್ಲಿ ಬೀದಿ ದಾಟಿದವು.

ಕ್ರೈಸ್ತರ ಈಸ್ಟರಿಗೂ ಹುಣ್ಣಿಮೆಯ ಲೆಕ್ಕವೇ. ಕ್ರಿ. ಶ. ೩೨೫ರಲ್ಲಿ ನೈಸೀಯ ಎಂಬ ಊರಲ್ಲಿ ಸೇರಿದ ಧರ್ಮಸಭೆ, ಎಲ್ಲ ಸಭೆಗಳೂ ಈ ಹಬ್ಬವನ್ನು ಒಂದೇ ದಿನ ಆಚರಿಸಬೇಕು ಎಂದು ಗೊತ್ತುಮಾಡಿತು. ಮಾರ್ಚಿ ೨೧ರಂದೋ ಅದರ ನಂತರವೋ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರು. ಅದರ ಹಿಂದಿನ ಶುಕ್ರವಾರ ಗುಡ್‌ಫ್ರೈಡೆ. ೨೦೨೪ರಲ್ಲಿ ನಮ್ಮ ಕಾಮನ ಹುಣ್ಣಿಮೆಯ ಬೆನ್ನಿಗೆ ಈಸ್ಟರು ಬಂತು, ೨೦೨೫ರಲ್ಲಿ ಚೈತ್ರದ ಹುಣ್ಣಿಮೆಯ ಬೆನ್ನಿಗೆ. ನೋಡಿ, ಮತ ಬೇರೆಯಾದರೂ ಎಲ್ಲರೂ ತಲೆ ಎತ್ತಿ ನೋಡುವ ಚಂದ್ರ ಒಬ್ಬನೇ.

ಆದರೆ ಮಳೆ ಚಂದ್ರನ ಮಾತು ಕೇಳುವುದಿಲ್ಲ. ಇದೇ ಇವತ್ತಿನ ಮುಖ್ಯ ಮಾತು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಹಬ್ಬವನ್ನು ಚಂದ್ರನ ತಿಥಿಗೆ ಕಟ್ಟಿದರು, ಮಳೆಯನ್ನು ಸೂರ್ಯನಿಗೆ ಕಟ್ಟಿದರು. ಸೂರ್ಯ ವರ್ಷದಲ್ಲಿ ೨೭ ನಕ್ಷತ್ರಗಳನ್ನು ಹಾಯುತ್ತಾನೆ. ಒಂದೊಂದರಲ್ಲಿ ೧೩, ೧೪ ದಿನ. ಅದೇ ನಮ್ಮ ಮಳೆ ನಕ್ಷತ್ರ. ಅಶ್ವಿನಿ ಏಪ್ರಿಲ್ ೧೪ರ ಹೊತ್ತಿಗೆ, ಭರಣಿ ೨೭ಕ್ಕೆ, ಕೃತ್ತಿಕೆ ಮೇ ೧೧ಕ್ಕೆ, ರೋಹಿಣಿ ೨೫ಕ್ಕೆ, ಮೃಗಶಿರ ಜೂನ್ ೮ಕ್ಕೆ. ಒಂದು ದಿನ ಆಚೆ ಈಚೆ ಆಗಬಹುದು. ನೆನಪಿಗೆ ಒಂದು ಗುರುತು ಬೇಕೆ? ಬಾಬಾಸಾಹೇಬ ಅಂಬೇಡ್ಕರರು ಹುಟ್ಟಿದ್ದು ೧೮೯೧ನೆಯ ಇಸವಿ ಏಪ್ರಿಲ್ ೧೪ರಂದು. ಅವರ ಜಯಂತಿಗೆ ರಜೆ ಬಂತು ಎಂದರೆ ಅಶ್ವಿನಿ ಹುಟ್ಟಿತು ಎಂದು ತಿಳಿಯಿರಿ. ಈ ಹಬ್ಬ ತಿಥಿಯ ಮೇಲೆ ಹೋಗುವುದಿಲ್ಲ, ಆದ್ದರಿಂದ ಅಲುಗುವುದೂ ಇಲ್ಲ.

ಈ ಲೆಕ್ಕದಲ್ಲೂ ಒಂದು ಸಣ್ಣ ಸವೆತವಿದೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಸೂರ್ಯ ಮೇಷಕ್ಕೆ ಬರುವುದಕ್ಕೂ, ಹಗಲು ರಾತ್ರಿ ಸಮವಾಗುವ ಮಾರ್ಚಿ ೨೧, ೨೨ಕ್ಕೂ ಹೆಚ್ಚು ಅಂತರ ಇರಲಿಲ್ಲ. ಈಗ ೨೩ ದಿನ ವ್ಯತ್ಯಾಸ ಬಂದಿದೆ. ಭಾರತ ಸರ್ಕಾರ ೧೯೫೨ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಪಂಚಾಂಗ ಸುಧಾರಣಾ ಸಮಿತಿ ಮಾಡಿತು. ದೇಶದಲ್ಲಿ ಮೂವತ್ತರಷ್ಟು ಬಗೆಯ ಪಂಚಾಂಗಗಳು ಬಳಕೆಯಲ್ಲಿವೆ ಎಂದು ಆ ಸಮಿತಿ ಕಂಡಿತು. ಅದರ ಸಲಹೆಯಂತೆ ೧೯೫೭ರ ಮಾರ್ಚಿ ೨೨ರಿಂದ, ಅಂದರೆ ಶಕೆ ೧೮೭೯ರ ಚೈತ್ರ ೧ರಿಂದ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸರ್ಕಾರದ ಗೆಜೆಟ್ಟಿನಲ್ಲಿ ಆ ತಾರೀಖು ಇಂಗ್ಲಿಷ್ ತಾರೀಖಿನ ಜೊತೆಗೆ ಅಚ್ಚಾಗುತ್ತದೆ. ಆದರೆ ಹಬ್ಬಗಳು ಹಳೆಯ ಲೆಕ್ಕದಲ್ಲೇ ಉಳಿದವು. ಒಂದು ಜೀವಮಾನದಲ್ಲಿ ಈ ಸವೆತ ಒಂದು ದಿನದಷ್ಟು ಮಾತ್ರ. ಆದ್ದರಿಂದ ತಾತನ ಕಾಲದ ಮಳೆ ನಕ್ಷತ್ರ ಮೊಮ್ಮಗನಿಗೂ ನಡೆಯುತ್ತದೆ. ತೀರ ಹಳೆಯ ಕಾಲದ ಮಾತನ್ನು ಮಾತ್ರ ದಿನಕ್ಕೆ ದಿನ ಹೊಂದಿಸಲು ಹೋಗಬಾರದು.

ಈಗ ಹೊನ್ನಾರಿನ ವಿಷಯ. ಯುಗಾದಿಯ ಹೊತ್ತಿಗೆ ನೇಗಿಲು ತೊಳೆದು, ಎತ್ತಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಹೊಡೆದು ಬರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಒಳ್ಳೆಯ ಪದ್ಧತಿ. ನೊಗ, ಮಿಣಿ, ಕುಳ ಎಲ್ಲಾ ಸರಿಯಾಗಿವೆಯೇ ಅಂತ ವರ್ಷದ ಮೊದಲಲ್ಲೇ ಒಂದು ಸಲ ನೋಡಿದ ಹಾಗಾಯಿತು. ಆದರೆ ಹೊನ್ನಾರು ಮುಹೂರ್ತ, ಬಿತ್ತನೆ ಅಲ್ಲ. ಯುಗಾದಿ ಮಾರ್ಚಿ ೧೯ಕ್ಕೆ ಬಂದ ವರ್ಷ ಭರಣಿಗೆ ಇನ್ನೂ ಐದು ವಾರಕ್ಕೂ ಹೆಚ್ಚು ದಿನ ಇರುತ್ತದೆ; ಏಪ್ರಿಲ್ ೯ಕ್ಕೆ ಬಂದ ವರ್ಷ ಎರಡೂವರೆ ವಾರ. "ಹಬ್ಬ ಆಗಿ ಒಂದು ತಿಂಗಳಾಯಿತು, ಇನ್ನೂ ಬಿತ್ತಲಿಲ್ಲ" ಅಂತ ಗಾಬರಿಪಟ್ಟು ಒಣಮಣ್ಣಿಗೆ ಬೀಜ ಚೆಲ್ಲಿದರೆ ಅದು ಇರುವೆಗೆ ಆಹಾರ. ಭರಣಿ, ಕೃತ್ತಿಕೆಯಲ್ಲಿ ಹದವಾದರೆ ಎಳ್ಳು, ಹೆಸರು, ಅಲಸಂದೆ. ಶೇಂಗಾ, ರಾಗಿಗೆ ಮೃಗಶಿರದ ಮೇಲಿನ ಮಳೆಗಳು. ನಕ್ಷತ್ರವೂ ಮಳೆಯನ್ನು ತಂದುಕೊಡುವುದಿಲ್ಲ, ಕಾಲವನ್ನು ತೋರಿಸುತ್ತದೆ. ಕೊನೆಯ ಮಾತು ಮಣ್ಣಿನ ಹಸಿಯದು.

ಎಲ್ಲಾ ಹಬ್ಬಗಳೂ ಅನಾದಿ ಕಾಲದವೇ ಎಂದು ತಿಳಿಯಬೇಡಿ. ಬಸವ ಜಯಂತಿಯನ್ನು ಊರೆಲ್ಲ ಸೇರಿ ಸಾರ್ವಜನಿಕವಾಗಿ ಆಚರಿಸಲು ಮೊದಲಾದದ್ದು ೧೯೧೩ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ ಮಂಜಪ್ಪನವರಿಂದ. ಆಗ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯದೇ. ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಮನೆ ಮಠಗಳಲ್ಲಿದ್ದ ಭಕ್ತಿಯನ್ನು ಅವರು ಬೀದಿಗೆ, ಸಭೆಗೆ ತಂದರು. ಕಾಯಕದ ಹಿರಿಮೆಯನ್ನು ಹೇಳಿದ ಬಸವಣ್ಣನವರನ್ನು ೨೦೨೪ರಲ್ಲಿ ಕರ್ನಾಟಕ ಸರ್ಕಾರ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ನಮ್ಮ ಸೀಮೆಯಲ್ಲಿ ಹೊತ್ತಿಸಿದ ದೀಪ ನಾಡಿನ ಹಬ್ಬವಾಯಿತು.

ಸರ್ಕಾರಿ ರಜೆಗೂ ಒಂದು ಕಥೆಯಿದೆ. ಹಬ್ಬಕ್ಕೆ ಬ್ಯಾಂಕು ಮುಚ್ಚುವುದು ೧೮೮೧ನೆಯ ಇಸವಿಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಎಂಬ ಕಾನೂನಿನ ಕೆಳಗೆ. ಅದರ ೨೫ನೆಯ ಕಲಮು ಒಂದು ಮಾತು ಹೇಳುತ್ತದೆ: ಪ್ರಾಮಿಸರಿ ನೋಟಿನ ಅಥವಾ ಹುಂಡಿಯ ವಾಯಿದೆ ರಜಾದಿನ ಮುಗಿಯುವಂತಿದ್ದರೆ, ಅದು ಹಿಂದಿನ ಕೆಲಸದ ದಿನಕ್ಕೇ ಸಲ್ಲತಕ್ಕದ್ದು. ಹಬ್ಬ ಕಳೆದು ಕೊಟ್ಟರಾಯಿತು ಎನ್ನುವಂತಿಲ್ಲ. ಯುಗಾದಿಗೆ ಬಟ್ಟೆ ತರುವ ಮೊದಲು ಪತ್ರದ ತಾರೀಖನ್ನು ಒಮ್ಮೆ ತೆಗೆದು ನೋಡಿ.

ಕೊನೆಗೆ ನಾಯಕನಹಟ್ಟಿಯ ತೇರಿನ ಮಾತು. ತಿಪ್ಪೇರುದ್ರಸ್ವಾಮಿಗಳನ್ನು ಜನ ನೆನೆಯುವುದು ಬರೀ ಪವಾಡಕ್ಕಲ್ಲ, ಕೆರೆ ಕಟ್ಟಿಸಿದ್ದಕ್ಕೆ. ದುಡಿದವನಿಗೆ ದುಡಿದಷ್ಟು ಎಂಬುದು ಅವರು ಕಲಿಸಿದ ನೀತಿ. ಅವರಿಗಿಂತ ಹಿಂದೆ, ನಾಲ್ಕನೆಯ ಶತಮಾನದಲ್ಲಿ, ಕದಂಬರ ಮಯೂರಶರ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಬರೆಸಿದ್ದೂ ಕೆರೆಯ ವಿಷಯವೇ. ಅವರ ಮೇಲೆ, ೧೮೯೮ರಿಂದ ೧೯೦೭ರ ತನಕ, ಮೈಸೂರು ಸರ್ಕಾರ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿತು. ಕಣಿವೆಯ ಮಾರಮ್ಮನ ಹೆಸರು ಹೊತ್ತ ಆ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು ೨೦೨೨ರ ತನಕ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ನಮ್ಮ ಸೀಮೆಯಲ್ಲಿ ನೀರು ಎಂಬುದು ಎಂಥ ಭಾಗ್ಯ ಎಂದು ಇದರಿಂದಲೇ ತಿಳಿಯಬಹುದು.

ತೇರು ಹರಿಯುವ ಕಾಲವೇ ಕೆರೆ ಬತ್ತುವ ಕಾಲ. ಹೂಳು ಒಣಗಿ, ಗುದ್ದಲಿಗೆ ಸಿಗುವಂತಾಗುವುದೂ ಆಗಲೇ. ಆ ಹೂಳು ಹೊಲಕ್ಕೆ ಗೊಬ್ಬರ, ಹೊಸದುರ್ಗ ಹೊಳಲ್ಕೆರೆಯ ತೆಂಗು ಅಡಿಕೆಯ ಬುಡಕ್ಕೂ ಒಳ್ಳೆಯದು. ಹಬ್ಬಕ್ಕೆ ಊರಿಗೆ ಬಂದ ಮಕ್ಕಳು, ಅಳಿಯಂದಿರು, ಎಲ್ಲ ಕೇರಿಯವರು, ಎಲ್ಲ ಮತದವರು ಇರುವಾಗಲೇ ಪಂಚಾಯ್ತಿಯವರನ್ನು ಕೇಳಿ, ಒಪ್ಪಿಗೆ ಪಡೆದು, ಎರಡು ದಿನ ಕೆರೆಗೆ ಇಳಿಯಿರಿ. ಕೆರೆ ಕಟ್ಟಿಸಿದ ಸ್ವಾಮಿಗೆ ಅದಕ್ಕಿಂತ ದೊಡ್ಡ ಹರಕೆ ಇಲ್ಲ. ಅಶ್ವಿನಿ ಹುಟ್ಟುವುದರೊಳಗೆ ಆ ಕೆಲಸ ಆಗಲಿ. ಆಮೇಲೆ ಬೀಳುವ ಪ್ರತಿ ಹನಿಗೂ ಊರಿನಲ್ಲಿ ಜಾಗ ಇರುತ್ತದೆ.