ಕಿಟ್ಟಿಗಿಂತ ಮೊದಲು ಚಾಸಿ: ಪಿಕಪ್‌ಗೆ ನಾಲ್ಕು ಚಕ್ರದ ಚಾಲನೆ ಜೋಡಿಸಿದ ಕಾಲದ ಬಗ್ಗೆ ಒಂದು ಟಿಪ್ಪಣಿ

ಹಿಂದಿನ ಎರಡು ಚಕ್ರಗಳಷ್ಟೇ ಎಳೆಯುವ ಪಿಕಪ್ಪನ್ನು ನಾಲ್ಕೂ ಚಕ್ರ ಎಳೆಯುವಂತೆ ಬದಲಿಸುವ ಕೆಲಸ ಅಮೆರಿಕದಲ್ಲಿ ಸುಮಾರು ಕಾಲು ಶತಮಾನ ದೊಡ್ಡ ವಾಹನ ಕಂಪನಿಗಳ ಹೊರಗೇ ನಡೆಯಿತು. 1935ರಲ್ಲಿ ಇಂಡಿಯಾನಾಪೊಲಿಸ್‌ನ ಮಾರ್ಮನ್-ಹೆರಿಂಗ್ಟನ್ ಕಂಪನಿ ಫೋರ್ಡ್ ಟ್ರಕ್ಕುಗಳನ್ನು ತಂದು ಮುಂದಿನ ಆಕ್ಸಲ್‌ಗೂ ಶಕ್ತಿ ಕೊಡಲು ಆರಂಭಿಸಿತು. ಫೋರ್ಡ್ ತನ್ನ ಕಾರ್ಖಾನೆಯಲ್ಲೇ ಅಂಥ ಪಿಕಪ್ ತಯಾರಿಸಿದ್ದು 1959ರ ಮಾದರಿಯಲ್ಲಿ. ಷೆವರ್ಲೆ ಮತ್ತು ಜಿಎಂಸಿ ಗಾಡಿಗಳಿಗೆ, ಬೇಕಾದ ಭಾಗಗಳನ್ನೆಲ್ಲ ಸೇರಿಸಿದ ಒಂದು ಕಿಟ್ಟಿನ ಮೂಲಕ ಇದೇ ಕೆಲಸ ಮಾಡಿಕೊಟ್ಟದ್ದು ಮಿನಿಯಾಪೊಲಿಸ್‌ನ ನಾರ್ತ್‌ವೆಸ್ಟರ್ನ್ ಆಟೊ ಪಾರ್ಟ್ಸ್ ಕಂಪನಿ. ಅದರ ಚಿಕ್ಕ ಹೆಸರು ನ್ಯಾಪ್ಕೋ. ಈ ಕಥೆ ಹೇಳುವವರು ಸಾಮಾನ್ಯವಾಗಿ ಕಿಟ್ಟು ಮಾಡಿದವರ ಜಾಣ್ಮೆಯನ್ನು ಮೆಚ್ಚುತ್ತಾರೆ. ಮೆಚ್ಚಬೇಕಾದದ್ದೇ. ಆದರೆ ಆ ಕಿಟ್ಟು ಕೂರಲು ಜಾಗ ಕೊಟ್ಟದ್ದು ಆ ಕಾಲದ ಚಾಸಿ, ಮತ್ತು ಚಾಸಿಯ ರಚನೆ ಬದಲಾದಾಗಲೇ ಕಿಟ್ಟಿನ ಕಾಲವೂ ಮುಗಿಯಿತು ಎಂಬುದು ಈ ಟಿಪ್ಪಣಿಯ ವಾದ.

  

ಕೆಲಸದ ತಿರುಳು ಮುಂದಿನ ಆಕ್ಸಲ್‌ನಲ್ಲಿದೆ. ಹಿಂದಿನ ಚಕ್ರ ತಿರುಗಿದರೆ ಸಾಕು; ಮುಂದಿನದು ತಿರುಗುತ್ತಲೇ ಎಡಬಲಕ್ಕೆ ಹೊರಳಲೂ ಬೇಕು. ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ಬಾಗಿದಾಗ ಅದರ ಆಚೆ ಬದಿಯ ವೇಗ ಏರಿಳಿಯುತ್ತದೆ. ಬಾಗು 30 ಡಿಗ್ರಿ ಇದ್ದರೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಶೇ. 13ರಷ್ಟು ಕುಸಿದು, ಎರಡು ಸಲ ಶೇ. 15ರಷ್ಟು ಏರುತ್ತದೆ. ಸ್ಟೀರಿಂಗ್ ಹಿಡಿದವನ ಕೈಗೆ ಇದು ನಡುಕವಾಗಿ ತಲುಪುತ್ತದೆ. ಎಷ್ಟೇ ಬಾಗಿದರೂ ವೇಗ ಒಂದೇ ಸಮ ಉಳಿಯುವ ಜಾಯಿಂಟುಗಳು 1920ರ ದಶಕದಲ್ಲಿ ಬಂದವು. ಅಮೆರಿಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ, ಫ್ರಾನ್ಸಿನಲ್ಲಿ ಪಿಯರ್ ಫೆನಾಯ್ ಮತ್ತು ಜಾನ್-ಆಲ್ಬೇರ್ ಗ್ರೆಗ್ವಾರ್ ಇದನ್ನು ಬೇರೆಬೇರೆ ದಾರಿಯಲ್ಲಿ ಸಾಧಿಸಿದರು. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿ ಇವೆರಡೂ ಬಗೆಯವು ಬಳಕೆಯಾದವು.

ಎರಡನೆಯ ತೊಡಕು ಲೆಕ್ಕದ್ದು. ಹಿಂದಿನ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) 4.10, ಹೊಸದಾಗಿ ಹಾಕಿದ ಮುಂದಿನದು 3.90 ಎಂದುಕೊಳ್ಳೋಣ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಹಿಂದಿನ ಚಕ್ರ 100 ಮೀಟರ್ ಸಾಗುವಷ್ಟು ಉರುಳಿದಾಗ ಮುಂದಿನದು 105 ಮೀಟರ್ ಉರುಳಲು ಹವಣಿಸುತ್ತದೆ. ಕೆಸರಿನಲ್ಲಿ ಟೈರು ಜಾರಿ ಇದನ್ನು ಸರಿದೂಗಿಸುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಶಾಫ್ಟು ಮತ್ತು ಗೇರುಗಳೇ ತಿರುಚಿಕೊಳ್ಳುತ್ತವೆ. ಅನುಪಾತ ಸರಿಹೊಂದಿದರೂ ತಿರುವಿನಲ್ಲಿ ಈ ಕಾಟ ತಪ್ಪದು. 1957ರ ಷೆವರ್ಲೆ ಚಿಕ್ಕ ಪಿಕಪ್‌ನ ಆಕ್ಸಲ್‌ಗಳ ನಡುವಿನ ಅಂತರ 114 ಅಂಗುಲ, ಅಂದರೆ 2.9 ಮೀಟರ್. ಹಿಂದಿನ ಆಕ್ಸಲ್ 8 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು 8.5 ಮೀಟರ್ ತ್ರಿಜ್ಯದಲ್ಲಿ ಹೋಗಬೇಕು, ಶೇ. 6ರಷ್ಟು ಹೆಚ್ಚು ದೂರ. ಮಧ್ಯದಲ್ಲಿ, ಎರಡು ಆಕ್ಸಲ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಮೂರನೆಯ ಡಿಫರೆನ್ಷಿಯಲ್ ಇಲ್ಲದ ಗಾಡಿಯನ್ನು ಗಟ್ಟಿ ರಸ್ತೆಗೆ ಬಂದ ಕೂಡಲೇ ಎರಡು ಚಕ್ರದ ಚಾಲನೆಗೆ ಮರಳಿಸುವುದು ಇದೇ ಕಾರಣಕ್ಕೆ.

ನ್ಯಾಪ್ಕೋದ 'ಪವರ್-ಪ್ಯಾಕ್' ಕಿಟ್ಟು ಇವೆಲ್ಲಕ್ಕೂ ಒಟ್ಟಿಗೆ ಉತ್ತರ ಕೊಟ್ಟಿತು. ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ಎರಡು ವೇಗದ ಸ್ಪೈಸರ್ ಟ್ರಾನ್ಸ್‌ಫರ್ ಕೇಸನ್ನು ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಸದೆ, ಸ್ವಲ್ಪ ಹಿಂದೆ ಚಾಸಿಗೆ ರಬ್ಬರ್ ಕೊಟ್ಟು ತೂಗುಹಾಕಿ, ನಡುವೆ ಒಂದು ಗಿಡ್ಡ ಶಾಫ್ಟ್ ಜೋಡಿಸಿದರು. ನನ್ನ ಮಟ್ಟಿಗೆ ಕಿಟ್ಟಿನ ಅತ್ಯುತ್ತಮ ನಿರ್ಧಾರ ಇದು: ಗಾಡಿಯ ಮೂಲ ಗೇರ್‌ಬಾಕ್ಸನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ. ಮುಂದಿನ ಸಾದಾ ಬೀಮ್ ಆಕ್ಸಲ್ ಕಳಚಿ, ಅದೇ ಜಾಗದಲ್ಲಿ ಲೀಫ್ ಸ್ಪ್ರಿಂಗಿನ ಕೆಳಗೆ ಚಾಲನೆಯ ಆಕ್ಸಲ್ ಕೂರಿಸಿದರು. ಚಾಸಿಗೆ ಹೊಸದಾಗಿ ನಾಲ್ಕೇ ತೂತು ಕೊರೆದರೆ ಸಾಕು, ಕೆಲವೇ ಗಂಟೆಗಳ ಕೆಲಸ ಎಂಬುದು ಈ ಕಿಟ್ಟಿನ ಖ್ಯಾತಿಯಾಗಿತ್ತು. ಗಾಡಿ ಹಳತಾದರೆ ಕಿಟ್ಟನ್ನು ಬಿಚ್ಚಿ ಹೊಸ ಗಾಡಿಗೆ ಹಾಕಿಕೊಳ್ಳಲೂ ಬರುತ್ತಿತ್ತು. ಅಗ್ಗವೇನೂ ಅಲ್ಲ, ಆದರೂ ಬೇಡಿಕೆ ಎಷ್ಟಿತ್ತೆಂದರೆ 1957ರ ಹೊತ್ತಿಗೆ ಷೆವರ್ಲೆ ಅದನ್ನು ಕಾರ್ಖಾನೆಯಲ್ಲೇ ಜೋಡಿಸಿ ಮಾರತೊಡಗಿತು.

ಚಾಸಿಯ ಪಾತ್ರ ಇಲ್ಲಿ ಕಾಣುತ್ತದೆ. 1955ರ ಮಾರ್ಚ್‌ವರೆಗೂ ಅರ್ಧ ಟನ್ ಷೆವರ್ಲೆಯ ಪ್ರೊಪೆಲ್ಲರ್ ಶಾಫ್ಟ್ ಗೇರ್‌ಬಾಕ್ಸಿನಿಂದ ಆಕ್ಸಲ್‌ವರೆಗೆ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿತ್ತು. ಅದನ್ನು ಕತ್ತರಿಸಿ ನಡುವೆ ಟ್ರಾನ್ಸ್‌ಫರ್ ಕೇಸ್ ತೂರಿಸುವುದು ಸುಲಭದ ಮಾತಲ್ಲ. ಆ ವರ್ಷದ ಹೊಸ ಮಾದರಿಯಲ್ಲಿ ಶಾಫ್ಟ್ ತೆರೆದುಕೊಂಡಿತು, ಮುಂದೆ ಬೀಮ್ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಹಾಗೇ ಉಳಿದವು. ಕಿಟ್ಟಿಗೆ ಇದಕ್ಕಿಂತ ಅನುಕೂಲದ ಗಾಡಿ ಇರಲಿಲ್ಲ. ಈ ಅನುಕೂಲ ಐದೇ ವರ್ಷ ಬಾಳಿತು. 1960ರಲ್ಲಿ ಜನರಲ್ ಮೋಟರ್ಸ್ ತನ್ನ ಎರಡು ಚಕ್ರ ಚಾಲನೆಯ ಪಿಕಪ್‌ಗಳಿಗೆ ತಿರುಚು ಸರಳುಗಳ ಸ್ವತಂತ್ರ ಸಸ್ಪೆನ್ಷನ್ ಕೊಟ್ಟಿತು. ಸವಾರಿ ಮೆತ್ತಗಾಯಿತು, ಆದರೆ ಆಕ್ಸಲ್ ಹೊರುವ ಸ್ಪ್ರಿಂಗೇ ಮುಂದೆ ಇಲ್ಲವಾಯಿತು. ಕಂಪನಿಯ ಸ್ವಂತ ನಾಲ್ಕು ಚಕ್ರ ಚಾಲನೆಯ 'ಕೆ' ಸರಣಿ ಮಾತ್ರ ಹಳೆಯ ಲೀಫ್ ಸ್ಪ್ರಿಂಗನ್ನೇ ಇಟ್ಟುಕೊಂಡಿತು. 1965ರಲ್ಲಿ ಫೋರ್ಡ್ ಸಹ ಎರಡು ಚಕ್ರದ ಗಾಡಿಗಳಿಗೆ ಜೋಡಿ ಬೀಮಿನ ಹೊಸ ರಚನೆ ತಂದು, ನಾಲ್ಕು ಚಕ್ರದವಕ್ಕೆ ಹಳೆಯ ಗಟ್ಟಿ ಆಕ್ಸಲ್ ಉಳಿಸಿತು. ಒಂದೇ ಹೆಸರಿನ ಗಾಡಿಯ ಎರಡು ರೂಪಗಳು ಮುಂಭಾಗದಲ್ಲಿ ಬೇರೆಯೇ ಆದಮೇಲೆ ನಾಲ್ಕು ತೂತಿನ ಕಿಟ್ಟಿಗೆ ಕೆಲಸ ಉಳಿಯಲಿಲ್ಲ.

ಮಲೆನಾಡು, ಕೊಡಗುಗಳ ತೋಟದ ದಾರಿಗಳಲ್ಲಿ ಓಡುವ ಹಳೆಯ ಮಹೀಂದ್ರ ಜೀಪುಗಳನ್ನು ಈ ದೃಷ್ಟಿಯಿಂದ ನೋಡಬೇಕು. ವಿಲ್ಲಿಸ್ ಜೀಪಿನ ವಂಶದ ಈ ಗಾಡಿಗಳಲ್ಲಿ ಏಣಿಯಾಕಾರದ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಎಲ್ಲವೂ ಇವೆ. ಯಂತ್ರದ ಮಟ್ಟಿಗೆ ಇವು ಇಂಥ ಮಾರ್ಪಾಡಿಗೆ 1955ರ ಷೆವರ್ಲೆಯಷ್ಟೇ ಒಗ್ಗುವಂಥವು. ಇಂದಿನ ಸ್ವತಂತ್ರ ಸಸ್ಪೆನ್ಷನ್ನಿನ ಪಿಕಪ್ ಹಾಗಲ್ಲ. ಮುಂದೆ ಚಾಲನೆಯ ಗಟ್ಟಿ ಆಕ್ಸಲ್ ಕೂರಿಸಬೇಕೆಂದರೆ ಅದರ ಕ್ರಾಸ್‌ಮೆಂಬರ್ ಕತ್ತರಿಸಿ, ಸ್ಪ್ರಿಂಗ್ ಹಿಡಿಕೆಗಳನ್ನು ಬೆಸುಗೆ ಹಾಕಿ, ಸ್ಟೀರಿಂಗ್ ಸರಳುಗಳ ದಾರಿ ಬದಲಿಸಬೇಕು. ಎಂಜಿನ್ನಿನ ಆಯಿಲ್ ಸಂಪ್ ಆಕ್ಸಲ್‌ಗೆ ತಾಗದಂತೆ ಗಾಡಿಯನ್ನು ಎತ್ತರಿಸಲೂಬೇಕು. ಎತ್ತರಿಸಿದಷ್ಟೂ ಶಾಫ್ಟಿನ ಕೋನ ಏರುತ್ತದೆ, ಬ್ರೇಕ್ ಪೈಪು ಸಾಲದಾಗುತ್ತದೆ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ.

ಭಾರತದಲ್ಲಿ ಕಾನೂನಿನ ತಡೆಯೂ ಇದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಮಾಡಿತು. ಹಾಗಾಗಿ ತೋಟದ ದಾರಿಗೆ ಇಂಥ ಗಾಡಿ ಬೇಕಾದವರು ಕಾರ್ಖಾನೆಯಿಂದಲೇ ನಾಲ್ಕು ಚಕ್ರ ಚಾಲನೆಯೊಂದಿಗೆ ಬಂದು, ನೋಂದಣಿ ಪತ್ರದಲ್ಲೂ ಹಾಗೆಯೇ ದಾಖಲಾದ ಗಾಡಿಯನ್ನು ಹುಡುಕುವುದು ಸರಿ.