ರಚ್ಚೆ ಹಿಡಿದವರ ಪರವಾಗಿ

“ಅವನಿಗೆ ಟ್ಯಾಂಟ್ರಮ್ ಬಂದಿದೆ ಆಂಟಿ. ಹತ್ತು ನಿಮಿಷ ಇರುತ್ತೆ, ಆಮೇಲೆ ತಾನಾಗೇ ಹೋಗುತ್ತೆ.”

ಮೊನ್ನೆ ಒಂದು ಮದುವೆಯೂಟದಲ್ಲಿ ಪಕ್ಕದ ಎಲೆಯಿಂದ ಕಿವಿಗೆ ಬಿದ್ದ ಮಾತು ಇದು. ಹೇಳಿದವಳು ತಾಯಿ, ವಿಷಯ ಮೂರು ವರ್ಷದ ಮಗನದು, ಕಾರಣ ಹಪ್ಪಳ. ಬಡಿಸುವ ಹುಡುಗ ಅವಸರದಲ್ಲಿ ಹಾಕಿದ ಹಪ್ಪಳ ಎಲೆಗೆ ಬೀಳುವಾಗ ಎರಡು ಹೋಳಾಗಿತ್ತು. ಮಗನಿಗೆ ಇಡೀ ಹಪ್ಪಳ ಬೇಕು. ಇನ್ನೊಂದು ತಂದು ಹಾಕಿದರು. ಅದು ಬೇಡ. ಮುರಿಯಿತಲ್ಲ, ಅದೇ ಇಡಿಯಾಗಬೇಕು. “ಅಂಟಿಸು, ಇದನ್ನೇ ಅಂಟಿಸು!” ಅಪ್ಪ ಎರಡೂ ಹೋಳು ಜೋಡಿಸಿ ಹಿಡಿದು ತೋರಿಸಿದ. ಕೈ ಬಿಟ್ಟ ಕೂಡಲೇ ಅವು ಬೇರೆಯಾದವು, ಕೂಗು ಇಮ್ಮಡಿಯಾಯಿತು. ಸಾರಿನ ಬಕೆಟ್ಟಿನವರು ನಿಂತರು, ಅವರ ಹಿಂದೆ ಪಲ್ಯದವರು ನಿಂತರು, ಇಡೀ ಪಂಕ್ತಿ ಅವನತ್ತ ತಿರುಗಿತು. ಕೊನೆಗೆ ಅಡುಗೆಯ ಹಿರಿಯರೊಬ್ಬರು ಬಂದು, ಮೇಜಿನ ಮುಂದೆ ಬಗ್ಗಿ, ಎರಡೂ ಹೋಳನ್ನು ಎತ್ತಿ ನೋಡಿ, “ಮುರಿದದ್ದು ಯಾರು?” ಎಂದು ಕೇಳಿದರು. ಹುಡುಗ ಬಡಿಸಿದವನತ್ತ ಬೆರಳು ತೋರಿಸಿದ. “ಸರಿ, ಅವನಿಗೆ ಇವತ್ತು ಹಪ್ಪಳ ಇಲ್ಲ” ಎಂದರು. ಹುಡುಗ ಬಿಕ್ಕುತ್ತಲೇ ಮುರಿದ ಹಪ್ಪಳ ತಿನ್ನತೊಡಗಿದ.

ಇಂಗ್ಲಿಷ್ ಪದ ಬಂತೆಂದು ನನ್ನ ತಕರಾರಲ್ಲ. ಬಸ್ಸು, ಪೆನ್ನು, ಡಾಕ್ಟರು ಇವರನ್ನೆಲ್ಲ ಮನೆಯವರನ್ನಾಗಿ ಮಾಡಿಕೊಂಡ ಭಾಷೆಗೆ ಇನ್ನೊಂದು ಪದ ಭಾರವಲ್ಲ. ತಕರಾರಿರುವುದು ಆ ವಾಕ್ಯದ ವಿಭಕ್ತಿಯ ಬಗ್ಗೆ. ‘ಅವನಿಗೆ ಬಂದಿದೆ’ ಅಂತೆ. ಜ್ವರ ಬರುತ್ತದೆ, ನೆಗಡಿ ಬರುತ್ತದೆ, ಆಕಳಿಕೆ ಬರುತ್ತದೆ. ಹಾಗೆ ಬಂದುಹೋಗುವ ವಿಷಯಗಳಲ್ಲಿ ಕನ್ನಡ ಮನುಷ್ಯನನ್ನು ಚತುರ್ಥಿಯಲ್ಲಿ ನಿಲ್ಲಿಸುತ್ತದೆ. ಅವನೇನೂ ಮಾಡಿಲ್ಲ, ಅವನಿಗೆ ಆಗಿದೆ, ಅಷ್ಟೆ. ನಮ್ಮ ಮನೆಗಳಲ್ಲಿ ಇದಕ್ಕಿದ್ದ ಮಾತೇ ಬೇರೆ: ‘ಮಗು ರಚ್ಚೆ ಹಿಡಿದಿದೆ.’ ಇಲ್ಲಿ ಮಗು ಕರ್ತೃ. ‘ಮಗುವಿಗೆ ರಚ್ಚೆ ಬಂತು’ ಎಂದು ಯಾವ ಅಜ್ಜಿಯ ಬಾಯಲ್ಲೂ ನಾನು ಕೇಳಿಲ್ಲ. ದೆವ್ವ ಮನುಷ್ಯನನ್ನು ಹಿಡಿಯುತ್ತದೆ, ಶನಿ ಹಿಡಿಯುತ್ತಾನೆ. ರಚ್ಚೆ ಮಾತ್ರ ಯಾರನ್ನೂ ಹಿಡಿಯುವುದಿಲ್ಲ. ರಚ್ಚೆಯನ್ನು ಮಗುವೇ ಹಿಡಿಯುತ್ತದೆ. ಅದು ರೋಗವಲ್ಲ, ಮಗು ಮನಸ್ಸಿಟ್ಟು ಮಾಡುವ ಕೆಲಸ.

ಹಾಗಾದರೆ ಮಗು ಹಿಡಿಯುವುದು ಏನನ್ನು? ಇಲ್ಲಿ ನನ್ನದೊಂದು ವಾದವಿದೆ. ಪಂಡಿತರು ಒಪ್ಪಲಿ ಬಿಡಲಿ, ನಾನದನ್ನು ಬಿಡುವವನಲ್ಲ. ಹಳೆಯ ಕನ್ನಡದಲ್ಲಿ ರಚ್ಚೆ ಎಂದರೆ ಬೀದಿ, ಊರ ಜನ ಸೇರುವ ಜಾಗ. ಸಂಸ್ಕೃತದ ರಥ್ಯಾ ತದ್ಭವವಾಗಿ ಹೀಗಾದದ್ದು. ಆ ಲೆಕ್ಕ ವ್ಯಾಕರಣದ ಪುಸ್ತಕದಲ್ಲಿರಲಿ. ಆ ರಚ್ಚೆಗೂ ಮಕ್ಕಳ ರಚ್ಚೆಗೂ ಸಂಬಂಧವಿಲ್ಲ, ಕೇಳಲು ಮಾತ್ರ ಒಂದೇ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಎರಡೂ ಒಂದೇ. ರಚ್ಚೆ ಹಿಡಿದ ಮಗು ಊರ ಕಟ್ಟೆಯನ್ನು ಹಿಡಿದಿದೆ. ತನ್ನ ದೂರನ್ನು ಸಭೆಯ ಮುಂದೆ ಇಟ್ಟಿದೆ, ಇತ್ಯರ್ಥವಾಗದೆ ಏಳುವುದಿಲ್ಲ ಎಂದು ಕೂತಿದೆ.

ಪುರಾವೆ ಬೇಕೆಂದರೆ ಗಡಿ ದಾಟಿ ತೆಲುಗಿನವರ ಮನೆಗೆ ಹೋಗಬೇಕು. ಗಡಿ ದಾಟುವುದೂ ಬೇಡ, ಪಾವಗಡ, ಕೋಲಾರದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಕೂತರೂ ಸಾಕು. ಅವರ ಬಾಯಲ್ಲಿ ‘ರಚ್ಚ’ ಇನ್ನೂ ಜೀವಂತ. ಹಳ್ಳಿಯ ಮರದಡಿ ಜನ ಕೂತು ಮಾತಾಡುವ ಕಟ್ಟೆ ‘ರಚ್ಚಬಂಡ’. 2009ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಹಳ್ಳಿಗಳಿಗೇ ಹೋಗಿ ಜನರ ಅಹವಾಲು ಕೇಳುವ ಕಾರ್ಯಕ್ರಮವೊಂದನ್ನು ಯೋಚಿಸಿ, ಅದಕ್ಕೆ ಈ ಹೆಸರನ್ನೇ ಇಟ್ಟಿದ್ದರು. ಅದನ್ನು ಆರಂಭಿಸಲು ಚಿತ್ತೂರು ಜಿಲ್ಲೆಗೆ ಹೊರಟ ದಿನವೇ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಅದೇ ತೆಲುಗಿನ ಹುಡುಗರು ಇವತ್ತು ‘ರಚ್ಚ’ ಎಂದರೆ ಗದ್ದಲ, ಧಾಂದಲೆ ಎನ್ನುತ್ತಾರೆ. ಅಲ್ಲಿ ಕಟ್ಟೆಯೇ ಗದ್ದಲವಾದದ್ದು ಕಣ್ಣಿಗೆ ಕಾಣುವಾಗ, ಇಲ್ಲಿ ಕಟ್ಟೆ ಅಳುವಾಗಬಾರದೇ?

ಇನ್ನು ಗಾದೆಗೆ ಬರುತ್ತೇನೆ. ‘ಮನೆ ಗೆದ್ದು ಮಾರು ಗೆಲ್ಲು’ ಎಂದು ನಾವು ಹೇಳುವಲ್ಲಿ ತೆಲುಗಿನವರು ‘ಇಂಟ ಗೆಲಿಚಿ ರಚ್ಚ ಗೆಲುವು’ ಎನ್ನುತ್ತಾರೆ. ನಮ್ಮ ಗಾದೆಯ ‘ಮಾರು’ ಏನೆಂದು ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ಎರಡು ತೋಳು ಚಾಚಿದಷ್ಟು ಉದ್ದ ಎನ್ನುತ್ತಾರೆ, ಹೊರಗಿನದು ಎನ್ನುತ್ತಾರೆ. ತೆಲುಗಿನ ಗಾದೆಯಲ್ಲಿ ಈ ಗೊಂದಲವಿಲ್ಲ. ಮೊದಲು ಮನೆಯಲ್ಲಿ ಗೆಲ್ಲು, ಆಮೇಲೆ ಸಭೆಯಲ್ಲಿ ಗೆಲ್ಲು. ಮನೆಗೆ ಎದುರಾಗಿ ಅಲ್ಲಿ ನಿಂತಿರುವುದು ರಚ್ಚೆ. ದೊಡ್ಡವರಿಗೆ ಈ ಕ್ರಮ ಸರಿ. ಆದರೆ ಮಕ್ಕಳಿಗೆ ಗೊತ್ತಿರುವ ಗಾದೆ ತಿರುವುಮುರುವು: ರಚ್ಚೆ ಗೆದ್ದು ಮನೆ ಗೆಲ್ಲು.

ಮಕ್ಕಳಿರುವ ಯಾವ ಮನೆಯಲ್ಲಾದರೂ ನೋಡಿ. ನಮ್ಮ ಅಕ್ಕನ ಮಗಳು ನಾಲ್ಕು ವರ್ಷದವಳಿದ್ದಾಗ ದಿನವೆಲ್ಲ ಚಕ್ಕುಲಿ ಡಬ್ಬಿಯ ಮುಂದೆ ಓಡಾಡುತ್ತಿದ್ದಳು. ಅಮ್ಮ “ಊಟ ಆದ ಮೇಲೆ” ಅಂದರೆ ಸುಮ್ಮನೆ ಹೋಗುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಅನ್ನಿಸುತ್ತಿತ್ತು. ಸಂಜೆ ನೆಂಟರು ಬಂದು, ಚಾಪೆ ಹಾಸಿ, ಎಲ್ಲರೂ ಕೂತು, ಕಾಫಿ ಲೋಟ ಕೈಗೆ ಬಂದ ಗಳಿಗೆಗೆ ಸರಿಯಾಗಿ ಆಕೆ ನಡುಮನೆಯ ಮಧ್ಯೆ ನಿಂತು ತುಟಿ ಉಬ್ಬಿಸುತ್ತಿದ್ದಳು. ಮೊದಲು ಮೆಲ್ಲಗೆ, “ನಂಗೆ ಚಕ್ಲಿ.” ಅಮ್ಮ ಕಣ್ಣು ಬಿಟ್ಟರೆ ಸ್ವರ ಒಂದು ಮನೆ ಮೇಲೇರುತ್ತಿತ್ತು. ಆಗ ನೆಂಟರಲ್ಲಿ ಹಿರಿಯರೊಬ್ಬರು ತಪ್ಪದೆ ಆ ತೀರ್ಪು ಕೊಡುತ್ತಿದ್ದರು: “ಕೊಡಮ್ಮಾ, ಪಾಪ, ಕೂಸು.” ಬೆಳಿಗ್ಗೆಯಿಂದ ಮನೆಯ ನ್ಯಾಯಾಲಯದಲ್ಲಿ ಬಿದ್ದುಹೋದ ಅರ್ಜಿ, ಪಂಚರ ಮುಂದೆ ಒಂದೇ ನಿಮಿಷದಲ್ಲಿ ಗೆಲ್ಲುತ್ತಿತ್ತು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ದೇವಸ್ಥಾನದ ಸಾಲಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಮಕ್ಕಳು ನೆಲಕ್ಕೆ ಬಿದ್ದು ಹೊರಳುವುದನ್ನು ನೋಡಿ ‘ಇಲ್ಲೇ ಯಾಕೆ ಹೀಗೆ ಮಾಡುತ್ತೆ’ ಎಂದು ತಾಯಂದಿರು ಕೊರಗುತ್ತಾರೆ. ಇಲ್ಲೇ ಮಾಡಬೇಕು. ಜನ ಇರುವುದು ಇಲ್ಲೇ.

ಜನವಿಲ್ಲದೆ ರಚ್ಚೆಯಿಲ್ಲ ಎಂಬುದಕ್ಕೆ ಇನ್ನೂ ಸಣ್ಣ ಸಾಕ್ಷಿಯಿದೆ. ಅಂಗಳದಲ್ಲಿ ಓಡುತ್ತಿರುವ ಮಗು ಮುಗ್ಗರಿಸಿ ಬೀಳುತ್ತದೆ. ಕೂಡಲೇ ಅಳುವುದಿಲ್ಲ. ಎದ್ದು ಕೂತು ಆಚೆ ನೋಡುತ್ತದೆ, ಈಚೆ ನೋಡುತ್ತದೆ. ಯಾರೂ ಇಲ್ಲದಿದ್ದರೆ ಮೊಣಕಾಲಿನ ಮಣ್ಣು ಒರೆಸಿಕೊಂಡು ಮತ್ತೆ ಓಡುತ್ತದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಸೆರಗು ಕಂಡಿತೋ, ಬಾಯಿ ಅಗಲವಾಗಿ ತೆರೆಯುತ್ತದೆ. ಇದನ್ನು ಕಳ್ಳಾಟ ಎನ್ನುವವರು ಮಕ್ಕಳನ್ನು ಅರಿತವರಲ್ಲ. ನೋವು ನಿಜವೇ. ಕೇಳುವವರಿಲ್ಲದ ಕಡೆ ಹೇಳಿ ಫಲವಿಲ್ಲವೆಂದು ಆ ಮಗುವಿಗೆ ಗೊತ್ತು, ಅಷ್ಟೆ.

ಕನ್ನಡದ ಮನೆಮಾತಿನಲ್ಲಿ ಮಕ್ಕಳ ಗಲಾಟೆಗೆ ಇರುವ ಬೇರೆ ಪದಗಳನ್ನೂ ಒಂದೊಂದಾಗಿ ಎತ್ತಿ ನೋಡಿ, ಅರ್ಧಕ್ಕರ್ಧ ಸಭೆಯಿಂದ ಎದ್ದು ಬಂದವು. ‘ಏನು ರಾದ್ಧಾಂತ ಮಾಡ್ತೀಯೋ’ ಎಂದು ಬೈಯುತ್ತೇವೆ. ಸಂಸ್ಕೃತದ ಶಾಸ್ತ್ರಗಳಲ್ಲಿ ರಾದ್ಧಾಂತವೆಂದರೆ ಸಿದ್ಧಾಂತ, ವಾದ ಮಾಡಿ ಸ್ಥಾಪಿಸಿದ ನಿರ್ಣಯ. ತರ್ಕಶಾಸ್ತ್ರದ ಆ ಪದ ಯಾವ ದಾರಿ ಹಿಡಿದು ತೊಟ್ಟಿಲ ಪಕ್ಕಕ್ಕೆ ಬಂತೋ, ಬಂದ ಮೇಲೆ ಸರಿಯಾಗಿಯೇ ಕೂತಿದೆ. ಯಾಕೆಂದರೆ ನಾಲ್ಕು ವರ್ಷದ ಮಗುವಿನಷ್ಟು ಗಟ್ಟಿಯಾಗಿ ತನ್ನ ಸಿದ್ಧಾಂತಕ್ಕೆ ಅಂಟಿಕೊಂಡವರಿಲ್ಲ. ‘ರಗಳೆ’ ಕವಿಗಳದು. ಸುಮಾರು 800 ವರ್ಷಗಳ ಹಿಂದೆ ಹಂಪೆಯ ಹರಿಹರ ಶಿವಶರಣರ ಕಥೆಗಳನ್ನು ಈ ಛಂದಸ್ಸಿನಲ್ಲಿ ಬರೆದ. ವೃತ್ತ, ಕಂದಗಳಿಗೆ ನಾಲ್ಕು ಪಾದವಾದ ಮೇಲೆ ನಿಲ್ಲುವ ಕಟ್ಟುಪಾಡಿದೆ. ರಗಳೆಗೆ ಇಂತಿಷ್ಟೇ ಸಾಲೆಂಬ ಮಿತಿಯಿಲ್ಲ, ಎರಡೆರಡು ಸಾಲಿಗೆ ಪ್ರಾಸ ಕೂಡಿಸಿಕೊಂಡು ಎಷ್ಟು ದೂರವಾದರೂ ನಡೆಯುತ್ತದೆ. ಮಲಗುವ ಹೊತ್ತಿಗೆ ‘ನೀರು ಬೇಕು’, ಆಮೇಲೆ ‘ಉಚ್ಚೆ’, ಆಮೇಲೆ ಮತ್ತೆ ನೀರು, ಮತ್ತೆ ಉಚ್ಚೆ ಎಂದು ಸಾಗುವ ಕಾವ್ಯಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ‘ತಕರಾರು’ ಮೂಲ ಅರಬ್ಬಿಯಲ್ಲಿ ‘ಮತ್ತೆ ಮತ್ತೆ ಹೇಳುವುದು’. ಕಚೇರಿಗಳು ಅದನ್ನು ಆಕ್ಷೇಪಣೆಯಾಗಿಸಿದವು, ಮಕ್ಕಳು ಅದರ ಹಳೆಯ ಅರ್ಥವನ್ನು ಕಾಪಾಡಿಕೊಂಡಿದ್ದಾರೆ. ‘ಪಂಚಾಯ್ತಿ’ಯನ್ನು ಬಿಡಿಸಿ ಹೇಳಬೇಕಿಲ್ಲ. ರಂಪಕ್ಕೂ ನಾವು ಜಾಗ ಗೊತ್ತುಮಾಡಿದ್ದೇವೆ: ಹಾದಿರಂಪ, ಬೀದಿರಂಪ. ಕೋಣೆರಂಪ ಎಂದು ಯಾರೂ ಹೇಳುವುದಿಲ್ಲ.

ಕರಾವಳಿಯವರು ‘ಚಂಡಿ ಹಿಡಿದಿದ್ದಾನೆ’ ಎನ್ನುತ್ತಾರೆ. ಅವರ ಕಡೆ ಒದ್ದೆಯಾದದ್ದಕ್ಕೂ ಚಂಡಿ ಎಂದೇ ಹೇಳುವುದರಿಂದ, ಅತ್ತು ಅತ್ತು ಅಂಗಿ ನೆನೆಸಿಕೊಂಡ ಮಗುವಿಗೆ ಎರಡೂ ಅರ್ಥ ಒಟ್ಟಿಗೇ ಹೊಂದುತ್ತವೆ. ಮಲೆನಾಡಿನಲ್ಲಿ ಮಳೆಯೂ ರಚ್ಚೆ ಹಿಡಿಯುತ್ತದೆ. ಆಶ್ಲೇಷಾ ಮಳೆ ಹಾಗೆ ಹಿಡಿದು ಕೂತಾಗ ಊರಿಗೆ ಊರೇ ಜಗಲಿಯಲ್ಲಿ ಕೂತು ಅದರ ಮುಖ ನೋಡುತ್ತಿರಬೇಕು.

ದೂರು ಕೊಟ್ಟವರಿದ್ದರೆ ನ್ಯಾಯ ಹೇಳುವವರೂ ಇರಬೇಕಲ್ಲ. ಆ ಕೆಲಸ ಅಜ್ಜಿಯರದು. ಹೊಸ್ತಿಲು ಎಡವಿ ಬಿದ್ದ ಮಗುವನ್ನು ಎತ್ತಿಕೊಂಡು ನಮ್ಮ ಅಜ್ಜಿ ಮಾಡುತ್ತಿದ್ದುದು ಪೂರ್ಣ ಪ್ರಮಾಣದ ವಿಚಾರಣೆ. “ಯಾರು ಹೊಡೆದದ್ದು ನನ್ನ ಕಂದನಿಗೆ?” ಮಗು ಹೊಸ್ತಿಲು ತೋರಿಸುತ್ತಿತ್ತು. “ಇದಾ? ಎಲ್ಲಿಗೆ ಹೊಡೀತು?” ಮಗು ಹಣೆ ತೋರಿಸುತ್ತಿತ್ತು. “ಇನ್ನೊಂದ್ಸಲ ಹೊಡೀತೀಯಾ? ಹೊಡೀತೀಯಾ?” ಎನ್ನುತ್ತ ಅಜ್ಜಿ ಹೊಸ್ತಿಲಿಗೆ ಅಂಗೈಯಿಂದ ರಪರಪ ಬಾರಿಸುತ್ತಿದ್ದರು. ಆರೋಪಿಯನ್ನು ಗುರುತಿಸಿದ್ದಾಯಿತು, ಗಾಯ ನೋಡಿದ್ದಾಯಿತು, ಶಿಕ್ಷೆ ಅಲ್ಲೇ ಜಾರಿಯಾಯಿತು. ಈಗಿನ ತಂದೆತಾಯಿಗಳಿಗೆ ಇದು ತಪ್ಪಾಗಿ ಕಾಣುತ್ತದೆ, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದನ್ನು ಮಗು ಕಲಿಯುತ್ತದೆ ಎಂದು ಅವರ ಆತಂಕ. ನಾನು ಕಂಡದ್ದು ಬೇರೆ. ಅದೇ ಅಕ್ಕನ ಮಗಳು, ಎರಡನೇ ಏಟಿಗೇ ಅಳು ನಿಲ್ಲಿಸಿ, ಅಜ್ಜಿಯ ಕೈ ಹಿಡಿದು, “ಸಾಕು ಅಜ್ಜೀ, ಅದಕ್ಕೂ ನೋಯುತ್ತೆ” ಎಂದಳು. ಇಳಿದುಹೋಗಿ ಹೊಸ್ತಿಲನ್ನು ಸವರಿ ಬಂದಳು. ತಮ್ಮ ದೂರಿಗೆ ನ್ಯಾಯ ಸಿಕ್ಕ ಮೇಲೆ ಮಾತ್ರ ಮನುಷ್ಯರು ಇನ್ನೊಬ್ಬರ ನೋವಿನ ಕಡೆ ತಿರುಗಬಲ್ಲರು. ನಾಲ್ಕು ವರ್ಷಕ್ಕೇ ಆಕೆ ಅದನ್ನು ಕಲಿತಳು, ಕಲಿಸಿದ್ದು ಆ ರಪರಪ ಏಟು.

ಈಗ ಏನಾಗಿದೆ? ಹೋಟೆಲಿನಲ್ಲಿ, ರೈಲಿನಲ್ಲಿ ಮಗು ಬಾಯಿ ತೆರೆಯುವ ಮೊದಲೇ ಕೈಗೆ ಫೋನು ಬರುತ್ತದೆ. ಸದ್ದು ನಿಲ್ಲುತ್ತದೆ ನಿಜ. ಆದರೆ ದೂರು ಏನಿತ್ತೆಂದು ಯಾರೂ ಕೇಳಲಿಲ್ಲ. ಸಿಟ್ಟು ಮಾಡಿ ಬೈದರೂ ಮಗುವಿನ ಮಾತು ಒಬ್ಬರ ಕಿವಿಗೆ ಬಿದ್ದಿದೆ ಎಂದಾದರೂ ಆಗುತ್ತಿತ್ತು. ‘ಟ್ಯಾಂಟ್ರಮ್ ಬಂದಿದೆ, ಹೋಗುತ್ತೆ’ ಎಂದು ಗಡಿಯಾರ ನೋಡುತ್ತ ಕೂತರೂ ಅಷ್ಟೇ, ವಾದಿಯನ್ನು ರೋಗಿ ಮಾಡಿದ ಹಾಗೆ. ರೋಗಿಯ ಜ್ವರ ಇಳಿಯುವುದನ್ನು ಕಾಯಬಹುದು, ವಾದಿಯ ಮಾತನ್ನು ಕೇಳಲೇಬೇಕು. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ಹಿಂದೆ ತೀರ್ಪು ಕೊಡಲು ಮನೆ ತುಂಬ ಜನರಿದ್ದರು. ಈಗ ಎರಡು ಕೋಣೆಯ ಮನೆಯಲ್ಲಿ ಎದುರುಪಕ್ಷವೂ ತಾಯಿಯೇ, ನ್ಯಾಯಾಧೀಶರೂ ತಾಯಿಯೇ. ಅಂಥವಳ ಕೈಗೆ ನೆಗಡಿಯ ವ್ಯಾಕರಣದ ಪದವೊಂದನ್ನು ಕೊಟ್ಟು ಹೋದ ಕಾಲದ ಮೇಲೆ ನನ್ನ ಸಿಟ್ಟು.

ಕೇಳಿದ್ದೆಲ್ಲ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕಟ್ಟೆಯ ಮೇಲೆ ಕೂತವರು ಎಷ್ಟೋ ಸಲ ‘ಆಗದು’ ಎಂದೇ ತೀರ್ಪು ಕೊಟ್ಟಿದ್ದಾರೆ, ವಾದಿ ಮುಖ ಊದಿಸಿಕೊಂಡಾದರೂ ಮನೆಗೆ ಹೋಗಿದ್ದಾನೆ. ಅವನು ಒಪ್ಪಿ ಹೋಗುವುದು ವಿಚಾರಣೆ ನಡೆಯಿತೆಂಬ ಕಾರಣಕ್ಕೆ. ಈ ಮರ್ಮವನ್ನು ನಮ್ಮ ಭಾಷೆ ಒಂದು ಕ್ರಿಯಾಪದದಲ್ಲಿ ಕಟ್ಟಿಟ್ಟಿದೆ. ಅಳುವ ಮಗುವನ್ನು ಎತ್ತಿ ಸಂತೈಸುವುದು ಲಾಲಿಸುವುದು. ರಾಜನ ಮುಂದೆ ಕೈಮುಗಿದು ನಿಂತ ಪ್ರಜೆ ‘ನನ್ನ ಬಿನ್ನಹ ಲಾಲಿಸಬೇಕು’ ಎಂದಾಗಲೂ ಅದೇ ಪದ, ಅಲ್ಲಿ ಅದರ ಅರ್ಥ ಕಿವಿಗೊಟ್ಟು ಕೇಳುವುದು. ಅಹವಾಲು ಕೇಳುವುದಕ್ಕೂ ಮಗುವನ್ನು ಸಮಾಧಾನ ಮಾಡುವುದಕ್ಕೂ ಒಂದೇ ಪದ ಸಾಕೆಂದು ಕನ್ನಡ ಬಲ್ಲದು. ಆದ್ದರಿಂದ ಮನೆಯಲ್ಲಿ ಯಾರಾದರೂ ರಚ್ಚೆ ಹಿಡಿದರೆ, ದಯವಿಟ್ಟು ಮೊದಲು ಕೇಳಿ: ಏನಾಯ್ತು, ಯಾರು ಏನು ಮಾಡಿದರು, ನಿನಗೇನು ಬೇಕು? ತೀರ್ಪು ಆಮೇಲೆ ನಿಮಗೆ ಸರಿ ಕಂಡಂತೆ ಕೊಡಿ.